ಸೋಲಿನ ಜಮಾ-ಖರ್ಚು: ಕಾಲ್ಚೆಂಡಿನಿಂದ ಲೆಕ್ಕದ ಪಾಠ



ನಮ್ಮ ಬೇಗಂ ಬಜಾರಿನಲ್ಲಿ ಲೆಕ್ಕದ ಮಾತು ಬೀಳದ ಕಿವಿಯಿಲ್ಲ. ಬೆಳಿಗ್ಗೆ ಅಂಗಡಿಗಳ ಬಾಗಿಲು ತೆರೆದಾಗಿನಿಂದ ರಾತ್ರಿ ಕೈಗಾಡಿಗಳು ಗೋಡೆಗೆ ಒರಗುವ ತನಕ ಜಮಾ, ಉದ್ರಿ, ಬಾಕಿ, ಹುಂಡಿ, ಖಾತೆ ಎಂಬ ಮಾತುಗಳೇ ಗಾಳಿಯಲ್ಲಿ ಹಾರಾಡುತ್ತವೆ. ದೀಪಾವಳಿಯ ದಿನ ಇಲ್ಲಿಯ ವರ್ತಕರು ಲಕ್ಷ್ಮಿಯ ಪಕ್ಕದಲ್ಲಿ ಹೊಸ ಲೆಕ್ಕದ ಪುಸ್ತಕವನ್ನಿಟ್ಟು ಕುಂಕುಮ ಹಚ್ಚಿ ಪೂಜಿಸುತ್ತಾರೆ. ಆದರೆ ಆ ಪುಸ್ತಕದ ಪಕ್ಕದಲ್ಲೇ ನಿಂತು ಮೂಟೆ ಹೊರುವ, ತೂಕ ಹಾಕುವ, ಬಿಲ್ಲು ಬರೆಯುವ ನಮ್ಮವರಲ್ಲಿ ಅನೇಕರಿಗೆ ಆ ಮಾತುಗಳ ಸದ್ದು ಗೊತ್ತು, ಅರ್ಥ ಗೊತ್ತಿಲ್ಲ. ಕಲಬುರಗಿ, ಬೀದರ, ರಾಯಚೂರು ಕಡೆಗಳಿಂದ ಹೊಟ್ಟೆಪಾಡಿಗಾಗಿ ಬಂದವರು ನಾವು. ದುಡಿಯುವುದನ್ನು ಬಲ್ಲೆವು, ಉಳಿಸುವುದನ್ನೂ ಬಲ್ಲೆವು. ಉಳಿಸಿದ್ದು ಎಲ್ಲಿ ಹೋಯಿತೆಂದು ಕೇಳುವಾಗ ಮಾತ್ರ ನಮ್ಮ ನಾಲಿಗೆ ತಡವರಿಸುತ್ತದೆ. ಏಕೆಂದರೆ ಉತ್ತರ ಬರುವುದು ದೊಡ್ಡ ದೊಡ್ಡ ಮಾತುಗಳಲ್ಲಿ.

ಆದ್ದರಿಂದ ಈ ಸಂಚಿಕೆಯಲ್ಲಿ ಲೆಕ್ಕದ ಕೆಲವು ಮಾತುಗಳನ್ನು ಕಲಿಯೋಣ. ಒಣ ಪಾಠವಾದರೆ ಕಣ್ಣು ಮುಚ್ಚುತ್ತದೆ. ಆದ್ದರಿಂದ ಮೈದಾನಕ್ಕೆ ಹೋಗಿ ಕಲಿಯೋಣ. ಹೈದರಾಬಾದು ಒಂದು ಕಾಲದಲ್ಲಿ ಕಾಲ್ಚೆಂಡಿನ ರಾಜಧಾನಿಯಂತಿದ್ದ ಊರು. ಇಲ್ಲಿ ಲೆಕ್ಕವನ್ನು ಚೆಂಡಿನಿಂದ ಕಲಿಯುವುದು ಊರಿಗೆ ತಕ್ಕ ಪದ್ಧತಿಯೇ ಸರಿ.

ಒಂದು ವಾರ್ಷಿಕ ವರದಿ

ಒಂದು ಕಾಲೇಜನ್ನು ಊಹಿಸಿಕೊಳ್ಳಿ. ಹೆಸರು ಬೇಡ, ಎಲ್ಲ ಊರಿನಲ್ಲೂ ಅಂಥದೊಂದು ಇರುತ್ತದೆ. ಅದರ ಫುಟ್‌ಬಾಲ್ ತಂಡ ಆ ವರ್ಷ 10 ಪಂದ್ಯ ಆಡಿತು. ಗೆದ್ದದ್ದು 1, ಸಮ ಮಾಡಿಕೊಂಡದ್ದು 2, ಸೋತದ್ದು 7. ಹೊಡೆದ ಗೋಲು 6, ಹೊಡೆಸಿಕೊಂಡ ಗೋಲು 23. ತಂಡದ ಕಾರ್ಯದರ್ಶಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ವರ್ಷದ ಕೊನೆಯ ಸಭೆಯಲ್ಲಿ ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು, ಅವನು ಓದಿದ ವರದಿ ಹೀಗಿತ್ತೆನ್ನಿ:

“ಮಾನ್ಯ ಅಧ್ಯಕ್ಷರೇ, ಈ ವರ್ಷ ನಮ್ಮ ತಂಡವು ದೀರ್ಘಾವಧಿ ಹೂಡಿಕೆಯ ನೀತಿಯನ್ನು ಅನುಸರಿಸಿತು. ಎದುರಾಳಿಗಳಿಗೆ ಒಟ್ಟು 23 ಗೋಲುಗಳನ್ನು ಮುಂಗಡವಾಗಿ ನೀಡಲಾಗಿದೆ. ಆ ಪೈಕಿ 6 ಗೋಲು ವಸೂಲಾಗಿದ್ದು, ಮಿಕ್ಕ 17 ನಮಗೆ ಬರತಕ್ಕ ಬಾಕಿಯಾಗಿರುತ್ತದೆ. ಗೋಲ್‌ಕೀಪರರ ಕೈಗಳಲ್ಲಿ ಸಹಜ ಸವಕಳಿ ಕಂಡುಬಂದಿದೆ. ಮುಂದಣ ಸಾಲಿನಲ್ಲಿ ತಾತ್ಕಾಲಿಕ ನಗದು ಬಿಗಿ ಇದೆ. ಮೀಸಲು ನಿಧಿ ಬೆಂಚಿನ ಮೇಲೆ ಭದ್ರವಾಗಿ ಕುಳಿತಿದ್ದು, ಅದನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಹಿಂದಿನವರು ಗೆದ್ದು ತಂದ ಒಂದು ಕಪ್ಪು ಬೀರುವಿನಲ್ಲಿರುವುದರಿಂದ ನಮ್ಮ ಗುಡ್‌ವಿಲ್ ಅಬಾಧಿತವಾಗಿದೆ. ಒಟ್ಟಿನಲ್ಲಿ ಅಢಾವೆ ಪತ್ರಿಕೆ ಸುಭದ್ರವಾಗಿದೆ.”

ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಬೆಂಚಿನಲ್ಲಿದ್ದ ಕಾಲೇಜಿನ ಮುದಿ ಜವಾನ ಮಾತ್ರ ಪಕ್ಕದವನನ್ನು ಕೇಳಿದ: “ಅಂದ್ರ ಸೋತ್ರೋ, ಗೆದ್ರೋ?”

ಬಂಧುಗಳೇ, ಈ ಇಡೀ ಪಾಠದಲ್ಲಿ ನೀವು ನೆನಪಿಡಬೇಕಾದ್ದು ಆ ಜವಾನನ ಪ್ರಶ್ನೆಯನ್ನು. ನಮ್ಮಲ್ಲಿ ‘ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯಿದೆ. ಕಾರ್ಯದರ್ಶಿಯ ವರದಿ ಮೀಸೆಗೆ ಎಣ್ಣೆ ಹಚ್ಚುವ ಕೆಲಸ. ಈಗ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

ಜಮಾ ಮತ್ತು ಖರ್ಚು

ಬಂದದ್ದು ಜಮಾ, ಹೋದದ್ದು ಖರ್ಚು. ನಮ್ಮ ಅಜ್ಜಂದಿರ ಕಿರ್ದಿ ಪುಸ್ತಕದಲ್ಲಿ ಇವೆರಡೇ ಮಗ್ಗುಲು. ದೊಡ್ಡ ವ್ಯಾಪಾರದಲ್ಲಿ ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯುತ್ತಾರೆ: ಒಂದು ಖಾತೆಗೆ ಜಮೆಯಾದದ್ದು ಇನ್ನೊಂದು ಖಾತೆಗೆ ಖರ್ಚಾಗಲೇಬೇಕು. ಇದಕ್ಕೆ ಜೋಡಿ ನಮೂದು ಪದ್ಧತಿ ಎನ್ನುತ್ತಾರೆ. ಇಟಲಿಯ ವರ್ತಕರು ಬಳಸುತ್ತಿದ್ದ ಈ ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಸನ್ಯಾಸಿ, ಗಣಿತಜ್ಞ, 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ವಿವರಿಸಿದ.

ಮೈದಾನದಲ್ಲಿ ಇದು ಬಲು ಸುಲಭ. ಪಂದ್ಯಾವಳಿ ನಡೆಸುವ ಸಮಿತಿಯ ಪುಸ್ತಕವನ್ನು ನೆನೆಯಿರಿ. ಒಂದು ಗೋಲು ಬಿದ್ದಿತೆಂದರೆ ಹೊಡೆದವನ ಖಾತೆಗೆ ಜಮಾ, ಹೊಡೆಸಿಕೊಂಡವನ ಖಾತೆಗೆ ಖರ್ಚು. ಆದ್ದರಿಂದ ಇಡೀ ಪಂದ್ಯಾವಳಿಯಲ್ಲಿ ಎಲ್ಲ ತಂಡಗಳೂ ಹೊಡೆದ ಗೋಲುಗಳ ಮೊತ್ತವೂ ಹೊಡೆಸಿಕೊಂಡ ಗೋಲುಗಳ ಮೊತ್ತವೂ ಒಂದೇ ಆಗಬೇಕು. ಆಗದಿದ್ದರೆ ಎಲ್ಲೋ ಬರೆದದ್ದು ತಪ್ಪಿದೆ. ಹೀಗೆ ಎರಡು ಮಗ್ಗುಲುಗಳನ್ನು ಕೂಡಿ ನೋಡುವ ಕಾಗದಕ್ಕೇ ತಾಳೆ ಪಟ್ಟಿ ಎಂದು ಹೆಸರು. ಪತ್ರಿಕೆಯಲ್ಲಿ ಬರುವ ಯಾವುದಾದರೂ ಲೀಗಿನ ಅಂಕಪಟ್ಟಿಯನ್ನು ತೆಗೆದುಕೊಂಡು ಕೂಡಿ ನೋಡಿ. ನಿಮ್ಮ ಮೊದಲನೆಯ ಲೆಕ್ಕ ಪರಿಶೋಧನೆ ಅದೇ ಆಗಲಿ.

ಆದರೆ ತಾಳೆ ಬಿದ್ದ ಮಾತ್ರಕ್ಕೆ ಲೆಕ್ಕ ಸತ್ಯವೆಂದು ತಿಳಿಯಬೇಡಿ. ತಪ್ಪು ಖಾತೆಗೆ ಬರೆದರೂ ತಾಳೆ ಬೀಳುತ್ತದೆ.

ಮುಂಗಡ ಮತ್ತು ನಷ್ಟ

ಮುಂಗಡವೆಂದರೆ ಇಂದು ಕೊಟ್ಟು, ನಾಳೆ ವಾಪಸು ಬರಬೇಕಾದ ಹಣ. ಅದು ನಮ್ಮ ಆಸ್ತಿ. ನಷ್ಟವೆಂದರೆ ಹೋದದ್ದು, ಬಾರದು. ನಮ್ಮ ಕಾರ್ಯದರ್ಶಿ ಮಾಡಿದ ಚಮತ್ಕಾರ ಇಲ್ಲಿದೆ: ಹೊಡೆಸಿಕೊಂಡ 23 ಗೋಲುಗಳಿಗೆ ‘ಮುಂಗಡ’ ಎಂದು ಹೆಸರಿಟ್ಟು, ನಷ್ಟದ ಮಗ್ಗುಲಿನಿಂದ ಎತ್ತಿ ಆಸ್ತಿಯ ಮಗ್ಗುಲಿಗೆ ಇಟ್ಟ. 17 ಗೋಲಿನ ಕೊರತೆ ‘17 ಗೋಲಿನ ಬರತಕ್ಕ ಬಾಕಿ’ ಆಯಿತು. ಹೆಸರು ಬದಲಾಯಿತು, ಚೆಂಡು ಬಲೆಯಲ್ಲೇ ಇದೆ.

ಇದನ್ನು ಕಾಲೇಜು ಹುಡುಗನ ತಮಾಷೆ ಎಂದು ನಗಬಹುದು. ಆದರೆ ಅಮೆರಿಕದ ವರ್ಲ್ಡ್‌ಕಾಮ್ ಎಂಬ ದೂರವಾಣಿ ಕಂಪನಿ ಇದನ್ನೇ ಮಾಡಿತ್ತು. ದಿನನಿತ್ಯದ ಖರ್ಚನ್ನು ಆಸ್ತಿಯ ಖಾತೆಗೆ ಬರೆದು ಲಾಭ ತೋರಿಸಿತು. 2002ರ ಜೂನ್ ತಿಂಗಳಲ್ಲಿ ಅದು ಬಯಲಾದಾಗ, ಹಾಗೆ ತಪ್ಪು ಮಗ್ಗುಲಿಗೆ ಹೋದ ಮೊತ್ತ 380 ಕೋಟಿ ಡಾಲರು ಎಂದು ಕಂಪನಿಯೇ ಹೇಳಿತು. ಕಾರ್ಯದರ್ಶಿಗೂ ಆ ಕಂಪನಿಗೂ ವಿದ್ಯೆ ಒಂದೇ. ಮೈದಾನ ಮಾತ್ರ ಬೇರೆ.

ನಷ್ಟವನ್ನು ನಷ್ಟವೆಂದೇ ಬರೆದರೆ ಏನಾಗುತ್ತದೆ? ಅದಕ್ಕೂ ಉದಾಹರಣೆ ಇದೆ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತ ಯುಗೊಸ್ಲಾವಿಯದ ಕೈಯಲ್ಲಿ 10-1ರಿಂದ ಸೋತಿತು. ನಮ್ಮ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ನಮ್ಮವರಲ್ಲಿ ಅನೇಕರು ಬರಿಗಾಲಿನಲ್ಲಿ ಆಡಿದ್ದರು. ಆ ಹತ್ತು ಗೋಲಿಗೆ ಯಾರೂ ‘ಮುಂಗಡ’ ಎಂದು ಹೆಸರಿಡಲಿಲ್ಲ. ಸೋಲೆಂದೇ ಬರೆದುಕೊಂಡರು, ಬೂಟು ಹಾಕಿಕೊಂಡು ಆಡುವುದು ಆ ಬಳಿಕ ಕಡ್ಡಾಯವಾಯಿತು. ನಾಲ್ಕು ವರ್ಷದ ಮೇಲೆ, 1956ರಲ್ಲಿ, ಮೆಲ್ಬೋರ್ನ್ ಒಲಿಂಪಿಕ್ಸಿನ ಸೆಮಿಫೈನಲಿನಲ್ಲಿ ಅದೇ ಯುಗೊಸ್ಲಾವಿಯ ಎದುರಾಯಿತು. ಭಾರತವೇ ಮೊದಲ ಗೋಲು ಹೊಡೆಯಿತು. ಕೊನೆಗೆ 4-1ರಿಂದ ಸೋತಿತು. ಕೊರತೆ 9ರಿಂದ 3ಕ್ಕೆ ಇಳಿದಿತ್ತು. ನಷ್ಟದ ಕಲಮು ಸತ್ಯವಾಗಿದ್ದರೆ ಮಾತ್ರ ಮುಂದಿನ ವರ್ಷದ ಅಂದಾಜು ಪತ್ರಿಕೆ ಸರಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮೆಲ್ಬೋರ್ನಿನ ಲೆಕ್ಕದಲ್ಲಿ ಇನ್ನೊಂದು ಪಾಠವೂ ಇದೆ. ಅಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಗೆದ್ದಿತು, ಯುಗೊಸ್ಲಾವಿಯಕ್ಕೆ 1-4ರಿಂದಲೂ ಬಲ್ಗೇರಿಯಕ್ಕೆ 0-3ರಿಂದಲೂ ಸೋತಿತು. ಹೊಡೆದದ್ದು 5, ಹೊಡೆಸಿಕೊಂಡದ್ದು 9. ಗೋಲಿನ ಲೆಕ್ಕದಲ್ಲಿ 4ರ ಕೊರತೆ. ಆದರೆ ಪಡೆದ ಸ್ಥಾನ ನಾಲ್ಕನೆಯದು, ಒಲಿಂಪಿಕ್ಸಿನಲ್ಲಿ ನಮ್ಮ ಫುಟ್‌ಬಾಲಿನ ಅತ್ಯುತ್ತಮ ಸಾಧನೆ. ಆದ್ದರಿಂದ ಒಂದೇ ಅಂಕಿ ನೋಡಿ ಹಿಗ್ಗಲೂ ಬಾರದು, ಕುಗ್ಗಲೂ ಬಾರದು. ಇಡೀ ಪಟ್ಟಿಯನ್ನು ಓದಬೇಕು.

ಬರತಕ್ಕ ಬಾಕಿ ಮತ್ತು ಮುಳುಗಿದ ಸಾಲ

ಉದ್ರಿ ಕೊಟ್ಟ ವರ್ತಕನಿಗೆ ಬರಬೇಕಾದ ಹಣ ಬರತಕ್ಕ ಬಾಕಿ. ಕೇಳಿ ಕೇಳಿ ಚಪ್ಪಲಿ ಸವೆದರೂ ಬಾರದಿದ್ದರೆ ಅದು ಮುಳುಗಿದ ಸಾಲ. ಪ್ರಾಮಾಣಿಕನಾದ ಗುಮಾಸ್ತನು ಅದನ್ನು ಬಾಕಿಯ ಪಟ್ಟಿಯಿಂದ ತೆಗೆದು ನಷ್ಟಕ್ಕೆ ಹಾಕುತ್ತಾನೆ.

1948ರ ಲಂಡನ್ ಒಲಿಂಪಿಕ್ಸನ್ನು ನೋಡಿ. ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಆಡಿತು. ನಮಗೆ ಎರಡು ಪೆನಾಲ್ಟಿ ಸಿಕ್ಕಿದವು, ಎರಡೂ ಗೋಲಾಗಲಿಲ್ಲ. ಕೊನೆಯ ಗಳಿಗೆಯಲ್ಲಿ ಇನ್ನೊಂದು ಗೋಲು ಹೊಡೆಸಿಕೊಂಡು 2-1ರಿಂದ ಸೋತೆವು. ಪೆನಾಲ್ಟಿ ಎಂದರೆ ವಾಯಿದೆ ತುಂಬಿದ ಹುಂಡಿ. ಹಣ ಎದುರಿಗೇ ಇದೆ. ಆದರೆ ವಸೂಲಾಗುವ ತನಕ ಅದು ಜಮೆಯಲ್ಲ. ‘ಬರುತ್ತದೆ’ ಎಂಬ ಮಾತನ್ನು ‘ಬಂತು’ ಎಂದು ಬರೆಯಬಾರದು.

ಇನ್ನು ಮುಳುಗಿತೆಂದು ಕೈಬಿಟ್ಟ ಸಾಲ ಅಪರೂಪಕ್ಕೆ ತಿರುಗಿ ಬರುವುದೂ ಉಂಟು. ಅದನ್ನು ಬಂದ ವರ್ಷದ ಲಾಭಕ್ಕೆ ಸೇರಿಸುತ್ತಾರೆ. ನಮ್ಮ ನಾಡಿನದೇ ಉದಾಹರಣೆ ಕೊಡುತ್ತೇನೆ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47, 1952-53, 1967-68, 1968-69ರಲ್ಲಿ ಗೆದ್ದಿತ್ತು. ಆಮೇಲೆ ನಾಡಿನ ಹೆಸರು ಕರ್ನಾಟಕವಾಯಿತು, ಒಂದು ತಲೆಮಾರು ಹೋಗಿ ಎರಡನೆಯದು ಬಂತು, ಕಪ್ಪು ಮಾತ್ರ ಬರಲಿಲ್ಲ. 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ, ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಅದನ್ನು ತಂದಿತು. 54 ವರ್ಷದ ಬಾಕಿ ವಸೂಲು! ಆದರೆ ಹೀಗೆ ಬಂದೀತೆಂದು ನಂಬಿ ಯಾರೂ ಈ ತಿಂಗಳ ಕಿರಾಣಿ ತರಬಾರದು.

ಸವಕಳಿ

ಯಂತ್ರ ತಿರುಗಿದಷ್ಟೂ ಸವೆಯುತ್ತದೆ. 60,000 ರೂಪಾಯಿಯ ಒಂದು ಯಂತ್ರ ಹತ್ತು ವರ್ಷ ಬಾಳುತ್ತದೆ, ಆಮೇಲೆ ಅದಕ್ಕೆ ಬೆಲೆಯಿಲ್ಲ ಎಂದಿಟ್ಟುಕೊಳ್ಳಿ. ಹಾಗಾದರೆ ವರ್ಷಕ್ಕೆ 6,000 ರೂಪಾಯಿ ಸವಕಳಿ ಎಂದು ಖರ್ಚಿಗೆ ಬರೆಯಬೇಕು. ಹೀಗೆ ಬರೆಯುವವನು ಲಾಭವನ್ನೆಲ್ಲ ತಿಂದುಹಾಕುವುದಿಲ್ಲ. ಹತ್ತನೆಯ ವರ್ಷ ಹೊಸ ಯಂತ್ರ ಕೊಳ್ಳಬೇಕೆಂಬ ಎಚ್ಚರ ಅವನಿಗಿರುತ್ತದೆ. ಬರೆಯದವನಿಗೆ ಯಂತ್ರ ನಿಂತ ದಿನವೇ ಕಣ್ಣು ತೆರೆಯುವುದು.

ಆಟಗಾರರ ಕಾಲಿಗೂ ಸವಕಳಿ ಇದೆ. ನಮ್ಮ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಖಾತೆಯನ್ನು ತೆರೆದು ನೋಡೋಣ. 1950ರಿಂದ 1954ರ ವರೆಗೆ ಸತತವಾಗಿ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್. 1950, 1954, 1957ರಲ್ಲಿ ದಿಲ್ಲಿಯ ಡ್ಯುರಾಂಡ್ ಕಪ್. ಆಂಧ್ರ ಪೊಲೀಸ್ ಎಂಬ ಹೆಸರಿನಲ್ಲಿ 1961ರಲ್ಲಿ ಮತ್ತೊಮ್ಮೆ. ಹೈದರಾಬಾದು ತಂಡಕ್ಕೆ 1956-57, 1957-58ರಲ್ಲಿ ಸಂತೋಷ್ ಟ್ರೋಫಿ. ಈ ಎಲ್ಲ ಜಮೆಯ ಹಿಂದೆ ಇದ್ದವರು ಸೈಯದ್ ಅಬ್ದುಲ್ ರಹೀಂ ಎಂಬ ಶಾಲಾ ಉಪಾಧ್ಯಾಯರು. 1951ರ ದಿಲ್ಲಿ ಏಷ್ಯಾ ಕ್ರೀಡೆಗಳ ಚಿನ್ನ, 1956ರ ಮೆಲ್ಬೋರ್ನ್, 1962ರ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಪಡೆದ ಚಿನ್ನ, ಎಲ್ಲವೂ ಅವರ ಶಿಕ್ಷಣದ ಫಲ. 1963ರ ಜೂನ್ 11ರಂದು ಕ್ಯಾನ್ಸರಿನಿಂದ ಅವರು ತೀರಿಕೊಂಡರು.

ಅವರು ತಿರುಗಿಸಿಬಿಟ್ಟ ಚಕ್ರ ಇನ್ನೂ ಸ್ವಲ್ಪ ಕಾಲ ತಿರುಗಿತು. 1963-64ರಲ್ಲಿ ರೋವರ್ಸ್, 1965-66ರಲ್ಲಿ ಆಂಧ್ರ ಪ್ರದೇಶಕ್ಕೆ ಸಂತೋಷ್ ಟ್ರೋಫಿ. ಆಮೇಲೆ ಅರ್ಧ ಶತಮಾನ ಕಳೆದರೂ ಆ ಟ್ರೋಫಿ ಈ ಊರಿನ ದಾರಿ ಹಿಡಿಯಲಿಲ್ಲ. ಹಳೆಯ ಆಸ್ತಿ ಸವೆಯುತ್ತಿದ್ದಾಗ ಹೊಸದಕ್ಕೆ ಹಣ ತೆಗೆದಿಡದ ಕಾರ್ಖಾನೆಯ ಕಥೆಯೇ ಇದು. ನಮ್ಮ ಕಾರ್ಯದರ್ಶಿ ಗೋಲ್‌ಕೀಪರನ ಕೈಗೆ ‘ಸಹಜ ಸವಕಳಿ’ ಎಂದ. ಸರಿ, ಆದರೆ ಎರಡನೆಯ ಗೋಲ್‌ಕೀಪರನನ್ನು ತಯಾರು ಮಾಡಿದ್ದೀಯಾ ಎಂದು ಯಾರೂ ಕೇಳಲಿಲ್ಲ. ಸವಕಳಿ ಎಂಬುದು ಎಚ್ಚರಿಕೆಯ ಮಾತು. ಅದನ್ನು ನೆಪದ ಮಾತಾಗಿ ಬಳಸಿದರೆ, ಕುಣಿಯಲಾರದವಳು ನೆಲ ಡೊಂಕು ಎಂದಂತೆ.

ಬಂಡವಾಳ ಮತ್ತು ಅದರ ವಲಸೆ

ವ್ಯಾಪಾರಕ್ಕೆ ಹಾಕಿದ ಮೂಲಧನ ಬಂಡವಾಳ. ಎಲ್ಲಿ ಹೆಚ್ಚು ಫಲವೋ ಅಲ್ಲಿಗೆ ಅದು ಹರಿಯುತ್ತದೆ. ಸಿಕಂದರಾಬಾದಿನ ಅಮ್ಮುಗುಡದ ತುಳಸಿದಾಸ್ ಬಲರಾಂ 1957ರಲ್ಲಿ ಕಲಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. 1966ರಲ್ಲಿ ಮಹಮ್ಮದ್ ಹಬೀಬ್ ಮತ್ತು ಸೈಯದ್ ನಯೀಮುದ್ದೀನ್ ಅದೇ ದಾರಿ ಹಿಡಿದರು. ಹೈದರಾಬಾದಿನ ಪುಸ್ತಕದಲ್ಲಿ ಇದು ಖರ್ಚು, ಕಲಕತ್ತೆಯ ಪುಸ್ತಕದಲ್ಲಿ ಜಮಾ.

ಅವರನ್ನು ದೂರುವ ಹಕ್ಕು ನಮಗಿಲ್ಲ. ನಾವೂ ಊರ ಹೊಲ ಬಿಟ್ಟು ಬಂದವರೇ. ನಮ್ಮ ಊರಿನ ಕಿರ್ದಿಯಲ್ಲಿ ನಾವು ಖರ್ಚಾಗಿದ್ದೇವೆ, ಈ ಬಜಾರಿನ ಕಿರ್ದಿಯಲ್ಲಿ ಜಮೆಯಾಗಿದ್ದೇವೆ. ತಿಂಗಳಿಗೊಮ್ಮೆ ಮನೆಗೆ ಹಣ ಕಳಿಸಿದಾಗ ಊರಿನ ಕಡೆಗೂ ಒಂದು ಗೆರೆ ಜಮಾ ಬೀಳುತ್ತದೆ.

ಗುಡ್‌ವಿಲ್

ಹಳೆಯ ಅಂಗಡಿಯ ಹೆಸರಿಗೆ ಒಂದು ಬೆಲೆಯಿದೆ. ಗಿರಾಕಿ ಹೆಸರು ನೋಡಿ ಬರುತ್ತಾನೆ. ಇದೇ ಗುಡ್‌ವಿಲ್. ಇದು ಆಸ್ತಿಯೇ ನಿಜ, ಆದರೆ ಕೈಯಿಂದ ಮುಟ್ಟಲಾಗದ ಆಸ್ತಿ. ತಕ್ಕಡಿ ಒಮ್ಮೆ ಮೋಸ ಮಾಡಿದರೆ ಮರುದಿನ ಇರುವುದಿಲ್ಲ. ಬೀರುವಿನಲ್ಲಿರುವ ಹಳೆಯ ಕಪ್ಪು ತಾನಾಗಿ ಎದ್ದು ಬಂದು ಗೋಲು ಹೊಡೆಯಲಾರದು.

ನಗದು ಬಿಗಿ

ಆಸ್ತಿ ಇದೆ, ಹೆಸರಿದೆ, ಇಂದು ಸಂಬಳ ಕೊಡಲು ಗಲ್ಲೆಯಲ್ಲಿ ಹಣವಿಲ್ಲ: ಇದು ನಗದು ಬಿಗಿ. ಕೆಲವೊಮ್ಮೆ ನಿಜವಾಗಿಯೂ ತಾತ್ಕಾಲಿಕವಾಗಿರುತ್ತದೆ. ಕೆಲವೊಮ್ಮೆ ದಿವಾಳಿಯ ಮೊದಲ ಹೆಸರಾಗಿರುತ್ತದೆ.

ಇಲ್ಲಿ ತಮಾಷೆಯೂ ನಿಜವೂ ಒಂದೇ ಮೈದಾನದಲ್ಲಿ ಕೂಡಿದ ಉದಾಹರಣೆ ಇದೆ. ಹೈದರಾಬಾದ್ ಎಫ್.ಸಿ. ಎಂಬ ಕ್ಲಬ್ಬು 2019ರಲ್ಲಿ ಹುಟ್ಟಿತು. ಇಂಡಿಯನ್ ಸೂಪರ್ ಲೀಗಿನಲ್ಲಿ ತನ್ನ ಮೊದಲ ವರ್ಷ ಕೊನೆಯ ಸ್ಥಾನ. 2022ರ ಮಾರ್ಚ್ 20ರಂದು ಗೋವೆಯ ಫಟೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಲೀಗಿನ ಕಪ್ಪನ್ನೇ ಗೆದ್ದಿತು. ಗುಡ್‌ವಿಲ್ ಆಕಾಶಕ್ಕೇರಿತು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಗಲ್ಲೆ ಬರಿದು. ಬಾಕಿ ನಿಂತ ಹಣದ ಕಾರಣ ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಫಾ ನಿಷೇಧ ಹಾಕಿತು. ವಿದೇಶಿ ಆಟಗಾರರು ಬಿಟ್ಟುಹೋದರು. 2023-24ರಲ್ಲಿ 22 ಪಂದ್ಯಗಳಿಗೆ ಗೆಲುವು 1, ಸಮ 5, ಸೋಲು 16. ಒಟ್ಟು 8 ಅಂಕ, ಕಟ್ಟಕಡೆಯ ಸ್ಥಾನ. ಸಂಬಳ ಬಾರದ ಮನೆಯ ಹುಡುಗರಂತೆ ಎಳೆಯ ಆಟಗಾರರು ವಾರವಾರವೂ ಮೈದಾನಕ್ಕಿಳಿದು ಸೋತರು. 2025ರಲ್ಲಿ ಆ ಕ್ಲಬ್ಬು ದಿಲ್ಲಿಗೆ ಹೋಗಿ ಹೆಸರನ್ನೂ ಬದಲಾಯಿಸಿಕೊಂಡಿತು. ಕಪ್ಪು ಆಸ್ತಿ, ಸಂಬಳ ನಗದು. ಆಸ್ತಿಯನ್ನು ತೋರಿಸಿ ಹಾಲಿನವನ ಬಾಕಿ ತೀರಿಸಲಾಗದು.

ಶಿಲ್ಕು ಮತ್ತು ಅಢಾವೆ ಪತ್ರಿಕೆ

ದಿನದ ಕೊನೆಗೆ ಗಲ್ಲೆಯಲ್ಲಿ ಉಳಿದದ್ದು ಶಿಲ್ಕು. ವರ್ಷದ ಕೊನೆಗೆ ಒಂದು ಕಡೆ ಆಸ್ತಿ, ಇನ್ನೊಂದು ಕಡೆ ಹೊಣೆ ಬರೆದು ತೋರಿಸುವುದು ಅಢಾವೆ ಪತ್ರಿಕೆ. ನಮ್ಮ ಕಾಲೇಜು ತಂಡದ ಅಢಾವೆಯನ್ನು ಸತ್ಯವಾಗಿ ಬರೆದರೆ ಹೀಗಾಗುತ್ತದೆ. ಆಸ್ತಿ: ಹನ್ನೊಂದು ಜನ, ಎರಡು ಚೆಂಡು (ಒಂದಕ್ಕೆ ಗಾಳಿ ನಿಲ್ಲುವುದಿಲ್ಲ), ಹಳೆಯ ಕಪ್ಪು ಒಂದು. ಹೊಣೆ: ಕ್ಯಾಂಟೀನಿನವನಿಗೆ ಬಾಳೆಹಣ್ಣು ಮತ್ತು ನಿಂಬೆ ಸೋಡದ ಬಾಕಿ. ವರ್ಷದ ನಿವ್ವಳ ನಷ್ಟ: 17 ಗೋಲು. ಇಷ್ಟೇ. ನಾಚಿಕೆಪಡುವಂಥದೇನೂ ಇಲ್ಲ, ಮುಂದಿನ ವರ್ಷ ಏನು ಮಾಡಬೇಕೆಂಬುದು ಇದರಿಂದಲೇ ಹೊಳೆಯುತ್ತದೆ.

ಅಢಾವೆಯಲ್ಲಿ ಇಲ್ಲದ ಶಿಲ್ಕನ್ನು ಇದೆಯೆಂದು ಬರೆದರೆ? ಅದೂ ನಮ್ಮ ಊರಿನಲ್ಲೇ ನಡೆದದ್ದು. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ ಕಂಪನಿಯ ಅಧ್ಯಕ್ಷರು, ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಪತ್ರ ಬರೆದು ಒಪ್ಪಿಕೊಂಡರು. ಫುಟ್‌ಬಾಲಿನಲ್ಲಿ ಈ ವಿದ್ಯೆ ನಡೆಯುವುದಿಲ್ಲ. ಹೊಡೆಯದ ಗೋಲನ್ನು ಹಲಗೆಯ ಮೇಲೆ ಬರೆದರೆ ಎದುರಾಳಿಯೂ ಪ್ರೇಕ್ಷಕನೂ ಆ ಕ್ಷಣವೇ ಕೂಗುತ್ತಾರೆ. ಲೆಕ್ಕದ ಪುಸ್ತಕದ ಸುತ್ತ ಪ್ರೇಕ್ಷಕರಿಲ್ಲ; ಇದ್ದರೂ ಭಾಷೆ ತಿಳಿಯದ ಪ್ರೇಕ್ಷಕರು. ನಾವು ಈ ಮಾತುಗಳನ್ನು ಕಲಿಯಬೇಕಾದ್ದು ಅದಕ್ಕಾಗಿಯೇ.

ನಗೆ ನಿಲ್ಲುವ ಜಾಗ

ನಮ್ಮ ಮಿಲ್ಲಿನಲ್ಲಿ ರಾಯಚೂರು ಕಡೆಯ ಹಿರಿಯರೊಬ್ಬರಿದ್ದಾರೆ. ಮಗಳ ಮದುವೆಗೆಂದು ಒಂದು ಚೀಟಿಗೆ ತಿಂಗಳಿಗೆ 5,000 ರೂಪಾಯಿಯಂತೆ 14 ಕಂತು ಕಟ್ಟಿದ್ದರು. ಅಂದರೆ 70,000 ರೂಪಾಯಿ. ಒಂದು ದಿನ ಚೀಟಿ ನಡೆಸುವವರಿಂದ ಅಚ್ಚು ಹಾಕಿದ ಕಾಗದ ಬಂತು: ತಾತ್ಕಾಲಿಕ ನಗದು ಬಿಗಿಯ ಕಾರಣ ಸದಸ್ಯರ ಹಣವನ್ನು ದೀರ್ಘಾವಧಿ ಹೂಡಿಕೆಯಾಗಿ ಪರಿವರ್ತಿಸಲಾಗಿದೆ, ಎಂದು. ಅವರು ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ಕೇಳಿದರು: “ಅಲ್ರಿ, ದೀರ್ಘಾವಧಿ ಅಂದ್ರ ಬಡ್ಡಿ ಹೆಚ್ಚಿಗಿ ಬರ್ತದಂತೇನ್ರಿ?”

ಅಷ್ಟು ಹೊತ್ತಿಗೆ ಆ ಕಚೇರಿಯ ಬಾಗಿಲಿಗೆ ಬೀಗ ಬಿದ್ದಿತ್ತು. ವಿಚಾರಿಸಿದರೆ ಆ ಚೀಟಿಗೆ ನೋಂದಣಿಯೇ ಇರಲಿಲ್ಲ. ಮೊದಲ ದಿನವೇ ಯಾರಾದರೂ ಆ ಕಾಗದವನ್ನು ‘ನಿಮ್ಮ ಹಣ ನಮ್ಮಲ್ಲಿಲ್ಲ’ ಎಂದು ಅರ್ಥಮಾಡಿ ಹೇಳಿದ್ದರೆ, ಬಾಗಿಲು ತೆರೆದಿದ್ದಾಗಲೇ ಅವರು ಹೋಗಿ ಕೇಳಬಹುದಿತ್ತು. ಕಾಲೇಜು ಹುಡುಗ ಅದೇ ಮಾತುಗಳನ್ನು ಆಡಿದರೆ ನಮಗೆ ನಗು ಬರುತ್ತದೆ, ಏಕೆಂದರೆ ಅಂಕಿ ನಮಗೆ ಮೊದಲೇ ಗೊತ್ತು. ಅಂಕಿ ಗೊತ್ತಿಲ್ಲದ ಕಡೆ ಅದೇ ಮಾತು ಮನೆ ಮುರಿಯುತ್ತದೆ.

ಕೇಳಬೇಕಾದ ನಾಲ್ಕು ಪ್ರಶ್ನೆ

ಯಾವ ಸಂಘ, ಚೀಟಿ, ಬ್ಯಾಂಕು ಆಗಲಿ, ಎಷ್ಟೇ ದೊಡ್ಡ ವರದಿ ಕೊಡಲಿ, ಈ ನಾಲ್ಕನ್ನು ಕೇಳಿರಿ. ಒಂದು: ಬಂದದ್ದೆಷ್ಟು, ಹೋದದ್ದೆಷ್ಟು? ಎರಡು: ಇಂದು ಕೈಯಲ್ಲಿ ಇರುವ ಶಿಲ್ಕೆಷ್ಟು, ಅದು ಎಲ್ಲಿದೆ? ಮೂರು: ಬರತಕ್ಕ ಬಾಕಿಯಲ್ಲಿ ಒಂದು ವರ್ಷಕ್ಕಿಂತ ಹಳೆಯದು ಎಷ್ಟು? ನಾಲ್ಕು: ಇದನ್ನು ಹೊರಗಿನ ಯಾರು ಪರೀಕ್ಷಿಸಿ ಸಹಿ ಹಾಕಿದ್ದಾರೆ? ಉತ್ತರ ಅಂಕಿಯಲ್ಲಿ ಬರಬೇಕು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು ಬಂದರೆ, ಆ ಜವಾನನಂತೆ ಮತ್ತೆ ಕೇಳಿರಿ: ಸೋತಿರೋ, ಗೆದ್ದಿರೋ?

ಇದರ ಜೊತೆಗೆ ಎರಡು ಸಂಗತಿ ತಿಳಿದಿರಲಿ. ಚೀಟಿ ನಡೆಸಲು 1982ರ ಚಿಟ್ ಫಂಡ್ ಕಾಯಿದೆಯಂತೆ ರಿಜಿಸ್ಟ್ರಾರರಲ್ಲಿ ನೋಂದಣಿ ಬೇಕು. 2019ರ ತಿದ್ದುಪಡಿಯಂತೆ ನಡೆಸುವವರ ಕಮಿಷನ್ನು ನೂರಕ್ಕೆ 7ನ್ನು ಮೀರಬಾರದು. ನೋಂದಣಿಯ ಪ್ರತಿಯನ್ನು ನೋಡದೆ ಮೊದಲ ಕಂತು ಕಟ್ಟಬೇಡಿ. ಎರಡನೆಯದಾಗಿ, ವಿಮೆಯುಳ್ಳ ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯ ವರೆಗೆ ವಿಮೆಯ ರಕ್ಷಣೆ ಇದೆ. 2020ರ ಫೆಬ್ರವರಿಗೆ ಮೊದಲು ಇದು 1 ಲಕ್ಷವಿತ್ತು. ಚೀಟಿಯ ಹಣಕ್ಕೆ ಈ ವಿಮೆ ಇಲ್ಲ.

ಅಭ್ಯಾಸ

ಕೆಳಗಿನ ವಾಕ್ಯಗಳನ್ನು ಜವಾನನಿಗೆ ತಿಳಿಯುವ ಕನ್ನಡದಲ್ಲಿ ಬರೆಯಿರಿ.

1. ನಮ್ಮ ಮುಂದಣ ಸಾಲಿನ ಉತ್ಪಾದನೆ ಮಾರುಕಟ್ಟೆಯ ನಿರೀಕ್ಷೆಗಿಂತ ಕೊಂಚ ಕೆಳಗಿದೆ.
2. ರಕ್ಷಣಾ ವಿಭಾಗದಲ್ಲಿ ಉದಾರ ಸಾಲ ನೀತಿಯನ್ನು ಅನುಸರಿಸಲಾಗಿದೆ.
3. ಸಂಘದ ಹಣ ಸುರಕ್ಷಿತವಾಗಿದ್ದು, ಸದ್ಯಕ್ಕೆ ತೆಗೆಯಲು ಅವಕಾಶವಿರುವುದಿಲ್ಲ.

ಮೊದಲನೆಯದಕ್ಕೆ ಉತ್ತರ: ಗೋಲು ಹೊಡೆಯಲಾಗಲಿಲ್ಲ. ಎರಡನೆಯದಕ್ಕೆ: ಬಂದವರೆಲ್ಲ ಗೋಲು ಹೊಡೆದು ಹೋದರು. ಮೂರನೆಯದಕ್ಕೆ ಉತ್ತರವನ್ನು ನಾನು ಬರೆಯುವುದಿಲ್ಲ. ಅಂಥ ಕಾಗದ ಯಾರ ಜೇಬಿನಲ್ಲಾದರೂ ಇದ್ದರೆ, ನಾಳೆಗೆ ತಳ್ಳದೆ ಇಂದೇ ವಾಚನಾಲಯಕ್ಕೆ ತನ್ನಿ. ಸಂಜೆ ಮಿಲ್ಲು ಬಿಟ್ಟ ಮೇಲೆ ಇಲ್ಲಿರುತ್ತೇನೆ. ಕೂತು ಇಬ್ಬರೂ ಕೂಡಿ ಓದೋಣ. ಪಾಸ್‌ಬುಕ್ಕನ್ನೂ ಕಂತಿನ ರಶೀದಿಗಳನ್ನೂ ಮರೆಯದೆ ತನ್ನಿ.